ಎಚ್‌ಐವಿ ಪರೀಕ್ಷೆ ಮತ್ತೆ ಯಾವಾಗ ಮಾಡಿಸಬೇಕು? ದಿನಾಂಕ ಗೊತ್ತು ಮಾಡಿಕೊಳ್ಳುವ ಬಗೆ

ಹಾವೇರಿ, ಹುಬ್ಬಳ್ಳಿ ಕಡೆಯ ಐಸಿಟಿಸಿ, ಅಂದರೆ ಸರ್ಕಾರಿ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದ ವರ್ಷಗಳಲ್ಲಿ, ವರದಿಯ ಚೀಟಿ ಕೈಗೆ ಬಂದ ಮೇಲೆ ಜನ ಎರಡು ಬಗೆಯಲ್ಲಿ ನಡೆದುಕೊಳ್ಳುವುದನ್ನು ನೋಡಿದ್ದೇನೆ. 'ನೆಗೆಟಿವ್' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಒಬ್ಬರು ಎದ್ದು ಚಪ್ಪಲಿ ಮೆಟ್ಟಿ ತಿರುಗಿ ನೋಡದೆ ಹೋಗುತ್ತಾರೆ. ಇನ್ನೊಬ್ಬರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, "ಇದು ನಿಜವೇ, ಅಕ್ಕಾವರೇ? ಬರುವ ವಾರ ಇನ್ನೊಮ್ಮೆ ಮಾಡಿಸಲೇ?" ಎಂದು ಕೇಳುತ್ತಾರೆ. ಎದ್ದು ಹೋದವರಲ್ಲಿ ಎಷ್ಟೋ ಮಂದಿ ಮತ್ತೆ ಬರಬೇಕಾದವರು. ವಾರವಾರ ಬರುತ್ತೇನೆ ಎನ್ನುವವರು ಹಾಗೆ ಬರಬೇಕಾಗಿಯೇ ಇಲ್ಲ. ಇಬ್ಬರಿಗೂ ಬೇಕಾಗಿರುವುದು ಒಂದು ದಿನಾಂಕ.

ಆ ದಿನಾಂಕವನ್ನು ನಿಮ್ಮ ಭಯವೂ ಹೇಳುವುದಿಲ್ಲ, ನಿಮ್ಮ ಧೈರ್ಯವೂ ಹೇಳುವುದಿಲ್ಲ. ಅಪಾಯದ ಘಟನೆ ನಡೆದದ್ದು ಯಾವ ದಿನ, ಅಂಥ ಘಟನೆ ಮುಂದೆಯೂ ನಡೆಯುವ ಸಂಭವ ಇದೆಯೇ ಎಂಬ ಎರಡು ಪ್ರಶ್ನೆಗಳಿಂದ ಅದು ಸಿಗುತ್ತದೆ. ಇವೆರಡನ್ನೂ ಹೇಗೆ ಬಿಡಿಸಿಕೊಳ್ಳಬೇಕು ಎಂಬುದನ್ನು, ನನ್ನ ಮೇಜಿನ ಎದುರು ಕುಳಿತವರಿಗೆ ಹೇಳುತ್ತಿದ್ದಂತೆಯೇ, ಇಲ್ಲಿ ಬರೆಯುತ್ತಿದ್ದೇನೆ.

ಘಟನೆ ನಡೆದು ಮೂರು ದಿನ ಆಗಿಲ್ಲವೇ? ಓದುವುದನ್ನು ಇಲ್ಲಿಗೇ ನಿಲ್ಲಿಸಿ

ಕಾಂಡೋಮ್ ಇಲ್ಲದೆ ಅಥವಾ ಕಾಂಡೋಮ್ ಹರಿದು ಅಪಾಯದ ಸಂಪರ್ಕವಾಗಿದ್ದರೆ, ಬೇರೆಯವರಿಗೆ ಬಳಸಿದ ಸೂಜಿ ಚುಚ್ಚಿದ್ದರೆ, ಅತ್ಯಾಚಾರ ನಡೆದಿದ್ದರೆ, ಆಗಿನಿಂದ ಈಗಿನವರೆಗೆ 72 ಗಂಟೆ ದಾಟಿಲ್ಲದಿದ್ದರೆ, ಪರೀಕ್ಷೆಯ ದಿನದ ಲೆಕ್ಕ ಆಮೇಲೆ. ನೇರವಾಗಿ ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ 'ಪೆಪ್ ಮಾತ್ರೆ ಬೇಕು' ಎಂದು ಹೇಳಿ. ಸೋಂಕು ದೇಹದಲ್ಲಿ ನೆಲೆಯೂರುವುದನ್ನು ತಡೆಯುವ ಮಾತ್ರೆ ಅದು. 28 ದಿನ ತಪ್ಪದೆ ನುಂಗಬೇಕು. ಮೊದಲ ಎರಡು ಗಂಟೆಯಲ್ಲಿ ಶುರು ಮಾಡಿದರೆ ಎಲ್ಲಕ್ಕಿಂತ ಉತ್ತಮ. 72 ಗಂಟೆ ಕಳೆದ ಮೇಲೆ ಅದರಿಂದ ಪ್ರಯೋಜನವಿಲ್ಲ. ಗುರುವಾರ ರಾತ್ರಿ ನಡೆದದ್ದಕ್ಕೆ ಸೋಮವಾರ ಆಸ್ಪತ್ರೆ ತೆರೆಯಲಿ ಎಂದು ಕಾದು ಅವಕಾಶ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ತುರ್ತು ವಿಭಾಗಕ್ಕೆ ಭಾನುವಾರವೆಂಬುದಿಲ್ಲ.

ಪೆಪ್ ತೆಗೆದುಕೊಂಡವರ ಪರೀಕ್ಷೆಯ ಲೆಕ್ಕವೇ ಬೇರೆ. ಮಾತ್ರೆ ಶುರು ಮಾಡುವ ದಿನ ಒಂದು ಪರೀಕ್ಷೆ, ಆಮೇಲೆ 6 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ ಮತ್ತೆ. ಮಾತ್ರೆ ರಕ್ತದಲ್ಲಿ ಇರುವಾಗ ಸೋಂಕಿನ ಗುರುತು ತಡವಾಗಿ ಕಾಣಿಸಿಕೊಳ್ಳಬಹುದು. ಹಾಗಾಗಿ ಕೊನೆಯ ಪರೀಕ್ಷೆಯನ್ನು ಬಿಡುವಂತಿಲ್ಲ.

ಮೊದಲ ಹೆಜ್ಜೆ: ಕೊನೆಯ ಅಪಾಯದ ದಿನವನ್ನು ಹುಡುಕಿ

ಅಪಾಯ ಎಂದರೆ ಯಾವುದು? ಸೋಂಕು ಇರುವ ಅಥವಾ ಇದೆಯೋ ಇಲ್ಲವೋ ಗೊತ್ತಿಲ್ಲದ ಸಂಗಾತಿಯೊಡನೆ ಕಾಂಡೋಮ್ ಇಲ್ಲದೆ ನಡೆದ ಲೈಂಗಿಕ ಸಂಪರ್ಕ, ಯೋನಿಯ ಮೂಲಕವಾಗಲಿ ಗುದದ್ವಾರದ ಮೂಲಕವಾಗಲಿ. ಒಬ್ಬರು ಬಳಸಿದ ಸಿರಿಂಜನ್ನು ಇನ್ನೊಬ್ಬರು ಬಳಸುವುದು. ಪರೀಕ್ಷಿಸದ ರಕ್ತ. ಸೋಂಕಿತ ತಾಯಿಯಿಂದ ಮಗುವಿಗೆ. ಇಷ್ಟೇ. ಸೊಳ್ಳೆ ಕಚ್ಚುವುದು, ಒಂದೇ ತಟ್ಟೆಯಲ್ಲಿ ಊಟ ಮಾಡುವುದು, ಬಸ್ಸಿನಲ್ಲಿ ಮೈ ತಾಗುವುದು, ಸಾರ್ವಜನಿಕ ಶೌಚಾಲಯ, ಕೆಮ್ಮು, ಅಪ್ಪುಗೆ ಇವು ಯಾವುವೂ ಈ ಪಟ್ಟಿಯಲ್ಲಿಲ್ಲ. ನಿಮ್ಮ ಚಿಂತೆ ಇವುಗಳಲ್ಲಿ ಒಂದರಿಂದ ಹುಟ್ಟಿದ್ದರೆ ಲೆಕ್ಕ ಹಾಕಲು ದಿನಾಂಕವೇ ಇಲ್ಲ; ಪರೀಕ್ಷೆಯೂ ಬೇಕಿಲ್ಲ.

ಈಗ ದಿನ. 'ಹೋದ ತಿಂಗಳು' ಎಂದರೆ ಲೆಕ್ಕಕ್ಕೆ ಸಾಲದು. ಹೋದ ತಿಂಗಳ 2ನೇ ತಾರೀಖಿಗೂ 29ನೇ ತಾರೀಖಿಗೂ ನಾಲ್ಕು ವಾರದ ಅಂತರ ಇರುತ್ತದೆ, ಪರೀಕ್ಷೆಯ ಅರ್ಥವೇ ಅಷ್ಟರಲ್ಲಿ ಬದಲಾಗುತ್ತದೆ. ನಮ್ಮ ಕಡೆ ಬಹಳ ಜನಕ್ಕೆ ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಹಾಗಾಗಿ ನಾನು ಹೀಗೆ ಕೇಳುತ್ತಿದ್ದೆ: ಎಳ್ಳಮಾವಾಸ್ಯೆ ಚರಗ ಚೆಲ್ಲುವ ಮೊದಲೋ ಆಮೇಲೋ? ಸಿದ್ಧಾರೂಢರ ಜಾತ್ರೆಗೆ ಹೋದಾಗ ಇದು ಆಗಿತ್ತೇ? ಕಾರಹುಣ್ಣಿಮೆಯ ದಿನ ಎಲ್ಲಿದ್ದಿರಿ? ಎರಡು ಮೂರು ಪ್ರಶ್ನೆಯಲ್ಲಿ ದಿನ ಸಿಕ್ಕಿಬಿಡುತ್ತದೆ. ಗೋಡೆಯ ಕ್ಯಾಲೆಂಡರ್ ತೆಗೆದು ನೀವೂ ಹಾಗೆಯೇ ಹುಡುಕಿ. ಎರಡು ದಿನಗಳ ನಡುವೆ ಅನುಮಾನ ಬಂದರೆ ಈಚಿನದನ್ನು ಹಿಡಿಯಿರಿ. ಹಲವು ಸಲ ಆಗಿದ್ದರೆ ಕೊನೆಯ ಸಲದ್ದೇ ಲೆಕ್ಕ.

ಎರಡನೆಯ ಹೆಜ್ಜೆ: ಗವಾಕ್ಷಿ ಅವಧಿಯನ್ನು ಅರ್ಥ ಮಾಡಿಕೊಳ್ಳಿ

ಇಡೀ ವಿಷಯದ ತಿರುಳು ಇದು. ಇದೊಂದು ಮನಸ್ಸಿಗೆ ಬಂದರೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವೈರಾಣು ದೇಹ ಸೇರಿದ ದಿನವೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಐಸಿಟಿಸಿಯಲ್ಲಿ ಸಾಮಾನ್ಯವಾಗಿ ಮಾಡುವ ಕ್ಷಿಪ್ರ ಪರೀಕ್ಷೆ ವೈರಾಣುವನ್ನು ಹುಡುಕುವುದೇ ಇಲ್ಲ. ವೈರಾಣುವಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯವನ್ನು ಅದು ಹುಡುಕುತ್ತದೆ. ಆ ಪ್ರತಿಕಾಯ ಕಣ್ಣಿಗೆ ಬೀಳುವಷ್ಟು ಬೆಳೆಯಲು ಸಮಯ ಬೇಕು. ಕಿಟ್ಟನ್ನು ಹತ್ತಿರದಿಂದ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ, ಅದರ ಒಂದು ತುದಿಯಲ್ಲಿ ಸಣ್ಣ ಗುಳಿ. ಲ್ಯಾಬ್ ಟೆಕ್ನಿಷಿಯನ್ ಆ ಗುಳಿಗೆ ಒಂದು ಹನಿ ಹಾಕಿ, ಮೇಲೆ ದ್ರಾವಣ ಬಿಡುತ್ತಾರೆ. ತೇವ ನಿಧಾನವಾಗಿ ಪಟ್ಟಿಯಲ್ಲಿ ಏರುತ್ತದೆ. ಕೆಲವು ನಿಮಿಷದಲ್ಲಿ ಒಂದು ಗೆರೆ ಮೂಡಲೇಬೇಕು, ಕಿಟ್ ಸರಿಯಾಗಿದೆ ಎಂದು ಹೇಳುವ ಗೆರೆ ಅದು. ಎರಡನೆಯ ಗೆರೆ ಮೂಡುವುದು ಪ್ರತಿಕಾಯ ಸಿಕ್ಕರೆ ಮಾತ್ರ. ಸೋಂಕು ತಗುಲಿ ಹತ್ತೇ ದಿನವಾದ ವ್ಯಕ್ತಿಯ ರಕ್ತವನ್ನು ಇಲ್ಲಿ ಹಾಕಿದರೂ ಒಂದೇ ಗೆರೆ ಬರುತ್ತದೆ. ಕಿಟ್ ಸುಳ್ಳು ಹೇಳಲಿಲ್ಲ. ಹುಡುಕಿದ ವಸ್ತು ಇನ್ನೂ ಹುಟ್ಟಿರಲಿಲ್ಲ.

ಈ ನಡುವಿನ ಕಾಲಕ್ಕೆ ಗವಾಕ್ಷಿ ಅವಧಿ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ವಿಂಡೋ ಪೀರಿಯಡ್ ಎಂದೇ ಕೇಳುತ್ತೀರಿ. ಪ್ರತಿಕಾಯ ಹುಡುಕುವ ಪರೀಕ್ಷೆಗೆ ಇದು ಸುಮಾರು 3 ವಾರದಿಂದ 3 ತಿಂಗಳು. ಖಾಸಗಿ ಲ್ಯಾಬುಗಳಲ್ಲಿ 'ಫೋರ್ತ್ ಜನರೇಷನ್' ಎಂದು ಹೇಳುವ ಪರೀಕ್ಷೆ ಪ್ರತಿಕಾಯದ ಜೊತೆಗೆ ವೈರಾಣುವಿನ ಪಿ24 ಎಂಬ ಅಂಶವನ್ನೂ ಹುಡುಕುತ್ತದೆ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಲ್ಯಾಬಿನ ಯಂತ್ರದ ಮೇಲೆ ಮಾಡಿದರೆ ಅದು 18ರಿಂದ 45 ದಿನಗಳೊಳಗೆ ಸೋಂಕನ್ನು ಗುರುತಿಸುತ್ತದೆ. ವೈರಾಣುವಿನ ಆನುವಂಶಿಕ ವಸ್ತುವನ್ನೇ ಹುಡುಕುವ ನ್ಯಾಟ್ ಪರೀಕ್ಷೆಗೆ 10ರಿಂದ 33 ದಿನ; ಅದು ದುಬಾರಿ, ಎಲ್ಲರಿಗೂ ಬೇಕಾದದ್ದಲ್ಲ. ಖಾಸಗಿ ಲ್ಯಾಬಿಗೆ ಹೋಗುವವರು ಹಣ ಕೊಡುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಇದು ಕಾರ್ಡ್ ಟೆಸ್ಟೋ (ಮೇಲೆ ಹೇಳಿದ ಪಟ್ಟಿಯ ಕ್ಷಿಪ್ರ ಪರೀಕ್ಷೆ), ಫೋರ್ತ್ ಜನರೇಷನ್ನೋ? ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ 3 ತಿಂಗಳ ಲೆಕ್ಕವನ್ನೇ ಹಿಡಿಯಿರಿ. ಅದು ಎಲ್ಲ ಪರೀಕ್ಷೆಗೂ ಸಲ್ಲುತ್ತದೆ.

ಮೂರನೆಯ ಹೆಜ್ಜೆ: ಬೆರಳೆಣಿಸಿ

ಅಮರಗೋಳದ ಎಪಿಎಂಸಿಗೆ ಮಾಲು ತರುವ ಒಬ್ಬ ಲಾರಿ ಚಾಲಕನ ಉದಾಹರಣೆ ಇಟ್ಟುಕೊಳ್ಳೋಣ. ಘಟನೆ ನಡೆದದ್ದು ಸಂಕ್ರಾಂತಿಗೆ ನಾಲ್ಕು ದಿನ ಮೊದಲು, ಅಂದರೆ ಜನವರಿ 10. ಆತ ಕೇಂದ್ರಕ್ಕೆ ಬಂದದ್ದು ಫೆಬ್ರುವರಿ 5ಕ್ಕೆ. ಕಳೆದದ್ದು 26 ದಿನ. ಆ ದಿನ ಪರೀಕ್ಷೆ ಮಾಡಬೇಕೇ? ಮಾಡಬೇಕು. ಹಳೆಯ ಸೋಂಕು ಇದ್ದರೆ ಅಂದೇ ಗೊತ್ತಾಗುತ್ತದೆ, ಮತ್ತು ಹೊಸ ಸೋಂಕು ಕೂಡ ಕೆಲವರಲ್ಲಿ ಅಷ್ಟರಲ್ಲೇ ಕಾಣುತ್ತದೆ. ಆದರೆ ಅಂದು ನೆಗೆಟಿವ್ ಬಂದರೆ ಅದು ಅರ್ಧ ಉತ್ತರ. ಪೂರ್ತಿ ಉತ್ತರ ಘಟನೆಯಿಂದ 90ನೇ ದಿನಕ್ಕೆ, ಏಪ್ರಿಲ್ 10ಕ್ಕೆ. ಅಷ್ಟು ದಿನ ನಿದ್ದೆ ಬರುವುದಿಲ್ಲ ಎನ್ನುವವರು 6 ವಾರಕ್ಕೆ, ಅಂದರೆ ಫೆಬ್ರುವರಿ 21ರ ಸುಮಾರಿಗೆ, ನಡುವೆ ಒಂದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಆ ಹೊತ್ತಿಗೆ ಬಹುಪಾಲು ಸೋಂಕುಗಳು ಕಾಣಿಸಿಕೊಂಡಿರುತ್ತವೆ, ಮನಸ್ಸಿಗೆ ಸಾಕಷ್ಟು ಸಮಾಧಾನ ಸಿಗುತ್ತದೆ. ಏಪ್ರಿಲ್ 10ರ ಪರೀಕ್ಷೆ ಮಾತ್ರ ತಪ್ಪಬಾರದು.

ಒಂದು ಷರತ್ತು ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಈ 90 ದಿನಗಳ ನಡುವೆ ಇನ್ನೊಂದು ಅಪಾಯದ ಘಟನೆ ನಡೆದರೆ ಎಣಿಕೆ ಆ ದಿನದಿಂದ ಮತ್ತೆ ಒಂದರಿಂದ ಶುರುವಾಗುತ್ತದೆ. ಮಾರ್ಚ್‌ನಲ್ಲಿ ಮತ್ತೆ ಕಾಂಡೋಮ್ ಇಲ್ಲದೆ ಸಂಪರ್ಕವಾದರೆ ಏಪ್ರಿಲ್ 10ರ ನೆಗೆಟಿವ್ ಜನವರಿಯ ಘಟನೆಗೆ ಮಾತ್ರ ಉತ್ತರ. ಪೂರ್ತಿ ಉತ್ತರ ಸಿಗುವವರೆಗೆ ಮನೆಯಲ್ಲಿ ಹೆಂಡತಿಯೊಡನೆ ಕಾಂಡೋಮ್ ಬಳಸಬೇಕು. ಸೋಂಕು ಹೊಸದಾಗಿ ತಗುಲಿದ ವಾರಗಳಲ್ಲೇ ರಕ್ತದಲ್ಲಿ ವೈರಾಣು ಅತಿ ಹೆಚ್ಚು ಇರುತ್ತದೆ, ಇತರರಿಗೆ ದಾಟುವುದೂ ಆಗಲೇ ಸುಲಭ. 'ಹೆಂಡತಿಗೆ ಏನೆಂದು ಹೇಳಲಿ?' ಎಂಬುದು ಪ್ರತಿಯೊಬ್ಬ ಚಾಲಕನೂ ಕೇಳುವ ಪ್ರಶ್ನೆ. ಇದಕ್ಕೆ ಸಿದ್ಧ ಉತ್ತರವಿಲ್ಲ. ಆದರೆ ಆಪ್ತ ಸಮಾಲೋಚಕರು ಕುಳಿತಿರುವುದೇ ಇಂಥ ಮಾತಿಗೆ. ಹೇಗೆ ಹೇಳಬಹುದು ಎಂದು ಅವರೊಡನೆ ಕೂತು ಮಾತನಾಡಿ, ಬೇಕಿದ್ದರೆ ಹೆಂಡತಿಯನ್ನು ಅಲ್ಲಿಗೇ ಕರೆತನ್ನಿ.

ನಾಲ್ಕನೆಯ ಹೆಜ್ಜೆ: ಅಪಾಯ ಮುಂದುವರಿಯುತ್ತಿದೆಯೇ? ಹಾಗಿದ್ದರೆ ನಿಮ್ಮ ಅಂತರ ಎಷ್ಟು?

ಒಂದು ಘಟನೆ ನಡೆದು ಮುಗಿಯಿತು, ಇನ್ನು ಅಂಥದ್ದಿಲ್ಲ ಎನ್ನುವವರಿಗೆ ಮೇಲಿನ ಲೆಕ್ಕವೇ ಸಾಕು. 90ನೇ ದಿನ ನೆಗೆಟಿವ್ ಬಂದರೆ ಕಡತ ಮುಚ್ಚಿಬಿಡಿ. ಅಪಾಯ ಮುಂದುವರಿಯುವವರಿಗೆ ಮಾತ್ರ ನಿಯಮಿತ ಅಂತರ ಬೇಕು.

ಹಲವು ಸಂಗಾತಿಗಳಿರುವವರು, ಲೈಂಗಿಕ ಕಾರ್ಯಕರ್ತೆಯರು, ಪುರುಷರೊಡನೆ ಸಂಪರ್ಕ ಇರುವ ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು, ಚುಚ್ಚುಮದ್ದಿನಿಂದ ಮಾದಕ ವಸ್ತು ತೆಗೆದುಕೊಳ್ಳುವವರು: ಇವರೆಲ್ಲ 6 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ರೂಢಿ. ಕಾಂಡೋಮ್ ಬಳಕೆ ಏರುಪೇರಾಗಿದ್ದರೆ, ಬೇರೆ ಲೈಂಗಿಕ ರೋಗ ಬಂದಿದ್ದರೆ ನಾನಂತೂ 3 ತಿಂಗಳಿಗೊಮ್ಮೆ ಎನ್ನುತ್ತೇನೆ. ಸೋಂಕು ಬಾರದಂತೆ ಮುಂಚಿತವಾಗಿ ನುಂಗುವ ಪ್ರೆಪ್ ಮಾತ್ರೆಯಲ್ಲಿ ಇರುವವರಿಗೆ 3 ತಿಂಗಳು ಎಂಬುದು ಆಯ್ಕೆಯಲ್ಲ, ನಿಯಮ. ಸೋಂಕು ತಗುಲಿದ್ದು ಗೊತ್ತಿಲ್ಲದೆ ಆ ಮಾತ್ರೆ ಮುಂದುವರಿಸಿದರೆ ಔಷಧಕ್ಕೆ ಬಗ್ಗದ ವೈರಾಣು ಬೆಳೆಯಬಹುದು.

ಗೊನೋರಿಯಾ, ಸಿಫಿಲಿಸ್‌ನಂಥ ರೋಗ ಪತ್ತೆಯಾದ ದಿನವೇ ಎಚ್‌ಐವಿ ಪರೀಕ್ಷೆ ಆಗಬೇಕು, 3 ತಿಂಗಳ ನಂತರ ಮತ್ತೊಮ್ಮೆ. ಒಂದು ಬಂದ ದಾರಿಯಲ್ಲೇ ಇನ್ನೊಂದೂ ಬರುತ್ತದೆ. ಜನನಾಂಗದ ಹುಣ್ಣು ಇದ್ದರೆ ದಾರಿ ಇನ್ನೂ ಅಗಲ. ಕ್ಷಯರೋಗ ಪತ್ತೆಯಾದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಮಾಡಿಸುತ್ತಾರೆ. ಅದನ್ನು ಅವಮಾನ ಎಂದುಕೊಳ್ಳಬೇಡಿ.

ಗಂಡ ಹೆಂಡತಿಯರಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ, ಇಲ್ಲದವರಿಗೆ 6 ತಿಂಗಳಿಗೊಮ್ಮೆ. ಇಲ್ಲಿ ಒಂದು ಒಳ್ಳೆಯ ಸುದ್ದಿಯನ್ನು ದೊಡ್ಡ ದನಿಯಲ್ಲಿ ಹೇಳಬೇಕು: ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಹಾಗಿದ್ದರೂ ಜೊತೆಗಾರರ 6 ತಿಂಗಳ ಪರೀಕ್ಷೆಯನ್ನು ಬಿಡಬೇಡಿ ಎನ್ನುತ್ತೇನೆ. ಸುಗ್ಗಿಯ ಗಡಿಬಿಡಿಯಲ್ಲಿ, ಮದುವೆ ಮನೆಗಳಲ್ಲಿ ಮಾತ್ರೆ ತಪ್ಪುವುದುಂಟು. ಹಾಗೆ ತಪ್ಪಿದ್ದನ್ನು ಯಾರೂ ಮನೆಯಲ್ಲಿ ಹೇಳುವುದಿಲ್ಲ.

ಈಗ ನನ್ನ ಮನಸ್ಸಿಗೆ ಅತಿ ಹತ್ತಿರವಾದ ಗುಂಪು: ದುಡಿಯಲು ಹೊರಗೆ ಹೋಗುವವರು ಮತ್ತು ಊರಲ್ಲಿ ಉಳಿಯುವ ಅವರ ಹೆಂಡಂದಿರು. ರೋಣ, ಮುಂಡರಗಿ, ಶಿರಹಟ್ಟಿ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಗಂಡಸರು ಹಬ್ಬಕ್ಕೆ ಬಂದು ಹೋಗುತ್ತಾರೆ. ಹೋದವರೆಲ್ಲ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಒಡ್ಡಿಕೊಂಡವರು ವರ್ಷಕ್ಕೊಮ್ಮೆ, ಊರಿಗೆ ಬಂದಾಗಲೇ, ಪರೀಕ್ಷೆ ಮಾಡಿಸಿಕೊಳ್ಳುವ ರೂಢಿ ಇಟ್ಟುಕೊಂಡರೆ ಒಳ್ಳೆಯದು. ಹೆಂಡತಿಗೆ ತನ್ನದೇ ಅಪಾಯ ಗೊತ್ತಿರುವುದಿಲ್ಲವಲ್ಲ, ಅದೇ ಇಲ್ಲಿನ ಕಷ್ಟ. 'ನಾನು ಯಾವ ತಪ್ಪೂ ಮಾಡಿಲ್ಲ, ನನಗೇಕೆ ಪರೀಕ್ಷೆ' ಎಂದು ಕೇಳುವ ಹೆಣ್ಣುಮಕ್ಕಳಿಗೆ ನಾನು ಹೇಳುತ್ತಿದ್ದುದು ಇಷ್ಟೇ: ತಾಯಿ, ಇದು ತಪ್ಪಿನ ಪರೀಕ್ಷೆಯಲ್ಲ, ರಕ್ತದ ಪರೀಕ್ಷೆ.

ಬಸಿರಿನಲ್ಲಿ ಒಂದು ಸಲ ಸಾಕೇ?

ಮೊದಲ ಸಲ ತಪಾಸಣೆಗೆ ಹೋದಾಗಲೇ ಎಲ್ಲ ಗರ್ಭಿಣಿಯರಿಗೂ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಅಪಾಯವಿಲ್ಲದವರಿಗೆ ಅದು ಸಾಕಾಗುತ್ತದೆ. ಆದರೆ ಆಮೇಲಿನ ಆರೇಳು ತಿಂಗಳಲ್ಲಿ ಏನು ಬೇಕಾದರೂ ಆಗಬಹುದು.

ಗದಗ ಜಿಲ್ಲೆಯ ಒಂದು ಹಳ್ಳಿಯ ಹೆಣ್ಣುಮಗಳೊಬ್ಬಳ ವಿಷಯ ಹೇಳುತ್ತೇನೆ. ಮೂರನೆಯ ತಿಂಗಳಲ್ಲಿ ಪರೀಕ್ಷೆಯಾಗಿ ನೆಗೆಟಿವ್ ಬಂದಿತ್ತು. ಹೊರಗೆ ದುಡಿಯುತ್ತಿದ್ದ ಗಂಡ ಕುಬಸದ (ಸೀಮಂತದ) ಕಾರ್ಯಕ್ಕೆಂದು ಊರಿಗೆ ಬಂದು ಕೆಲವು ವಾರ ಇದ್ದ. ಆಗಲೇ ಅವನಿಗೆ ಜ್ವರ, ಕೊರಳಲ್ಲಿ ಗಂಟು, ಮೈಮೇಲೆ ಕೆಂಪು ಗುಳ್ಳೆ. 'ಹವಾಮಾನ ಬದಲಾಗಿದೆ' ಎಂದುಕೊಂಡರು. ಎಂಟನೆಯ ತಿಂಗಳಲ್ಲಿ ಆಕೆ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಕೇಳಿದಾಗ, 'ಕಾರ್ಡಿನಲ್ಲಿ ನೆಗೆಟಿವ್ ಇದೆಯಲ್ಲ, ಮತ್ತೇಕೆ?' ಎಂದು ಒಂದು ಕಡೆ ವಾಪಸು ಕಳಿಸಿದ್ದರು. ಆಶಾ ಕಾರ್ಯಕರ್ತೆ ಬಿಡದೆ ನಮ್ಮಲ್ಲಿಗೆ ಕರೆತಂದಳು. ಪರೀಕ್ಷೆಯಲ್ಲಿ ಸೋಂಕು ಕಂಡಿತು. ತಡಮಾಡದೆ ಮಾತ್ರೆ ಶುರುವಾಯಿತು, ಹೆರಿಗೆಯಾದ ಮೇಲೆ ಮಗುವಿಗೂ ಔಷಧ ಕೊಟ್ಟರು. ಆ ಮಗು 18 ತಿಂಗಳ ಪರೀಕ್ಷೆಗೆ ಬಂದಾಗ ನನ್ನ ಮೇಜಿನ ಸ್ಟಾಂಪ್ ಪ್ಯಾಡಿಗೆ ಕೈ ಹಾಕಿ ಎರಡೂ ಅಂಗೈ ನೀಲಿ ಮಾಡಿಕೊಂಡಿತ್ತು. ಫಲಿತಾಂಶ ನೆಗೆಟಿವ್.

ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ಸರಿಯಾದ ಚಿಕಿತ್ಸೆಯಿಂದ ಅದು ಶೇ 5ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಅಂತರವನ್ನು ಉಳಿಸಿಕೊಟ್ಟದ್ದು ಆಶಾ ಕಾರ್ಯಕರ್ತೆಯ ಹಟ ಮತ್ತು ಎರಡನೆಯ ಪರೀಕ್ಷೆ. ಆದ್ದರಿಂದ ಗಂಡ ಹೊರಗೆ ದುಡಿಯುವವನಾಗಿದ್ದರೆ, ಅವನ ಸ್ಥಿತಿ ಗೊತ್ತಿಲ್ಲದಿದ್ದರೆ, ಸಣ್ಣ ಅನುಮಾನವಿದ್ದರೂ ಕೊನೆಯ ಮೂರು ತಿಂಗಳಲ್ಲಿ ಇನ್ನೊಮ್ಮೆ ಮಾಡಿಸಿ. ಗಂಡನಿಗೂ ಮಾಡಿಸಿ. ಯಾರಾದರೂ 'ಬೇಡ' ಎಂದರೆ 'ನಡುವೆ ಅಪಾಯವಾಗಿದೆ' ಎಂಬ ಒಂದೇ ಮಾತು ಹೇಳಿ. ಅದಕ್ಕಿಂತ ಹೆಚ್ಚು ವಿವರಿಸಬೇಕಾದ ಹಂಗು ನಿಮಗಿಲ್ಲ. ಎದೆಹಾಲು ಕುಡಿಸುವ ಕಾಲದಲ್ಲೂ ಇದೇ ಮಾತು.

ಸೋಂಕಿತ ತಾಯಿಯ ಮಗುವಿಗೆ 6 ವಾರ, 6 ತಿಂಗಳು, 12 ತಿಂಗಳು, 18 ತಿಂಗಳು ಎಂಬ ವೇಳಾಪಟ್ಟಿ ಇದೆ. ಹಾಲು ಬಿಡಿಸಿದ ಮೇಲೂ ಒಂದು ಪರೀಕ್ಷೆ ಇರುತ್ತದೆ. ತಾಯಿಯ ಪ್ರತಿಕಾಯ ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದು. ಹಾಗಾಗಿ ಅದಕ್ಕಿಂತ ಮುಂಚೆ ಬರಿ ಕಾರ್ಡ್ ಟೆಸ್ಟ್ ನೋಡಿ ಮಗುವಿಗೆ ಸೋಂಕಿದೆ ಎಂದು ಎದೆಯೊಡೆದುಕೊಳ್ಳಬೇಡಿ. ಚಿಕ್ಕ ಮಕ್ಕಳಿಗೆ ಹಿಮ್ಮಡಿಯಿಂದ ರಕ್ತದ ಹನಿಗಳನ್ನು ವಿಶೇಷ ಕಾಗದದ ಮೇಲೆ ಒಣಗಿಸಿ ಬೇರೆ ಲ್ಯಾಬಿಗೆ ಕಳಿಸುತ್ತಾರೆ.

ಮತ್ತೆ ಮಾಡಿಸಬೇಕಾಗಿಲ್ಲದವರು

ಇಬ್ಬರೂ ಪರೀಕ್ಷೆ ಮಾಡಿಸಿ, ಗವಾಕ್ಷಿ ಅವಧಿಯೂ ಕಳೆದು, ಇಬ್ಬರದ್ದೂ ನೆಗೆಟಿವ್ ಬಂದು, ಒಬ್ಬರಿಗೊಬ್ಬರು ನಿಷ್ಠರಾಗಿದ್ದರೆ ವರ್ಷವರ್ಷ ರಕ್ತ ಕೊಡುವ ಅಗತ್ಯವಿಲ್ಲ. ಮದುವೆಗೆ ಮುಂಚೆ ಇಬ್ಬರೂ ಒಟ್ಟಿಗೆ ಮಾಡಿಸಿಕೊಳ್ಳುವುದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಹುಡುಗಿಯ ಕಡೆಯವರಿಂದ ಮಾತ್ರ ಚೀಟಿ ಕೇಳುವುದನ್ನು ಒಪ್ಪುವುದಿಲ್ಲ.

ಭಯದಿಂದ ಬರುವವರ ಕಷ್ಟ ಬೇರೆ. ಒಬ್ಬ ಯುವಕ ಎರಡು ವರ್ಷದ ಹಿಂದಿನ ಒಂದು ಘಟನೆಗಾಗಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಒಂದು ಸಲ ನಮ್ಮಲ್ಲಿ, ಇನ್ನೊಂದು ಸಲ ಖಾಸಗಿ ಲ್ಯಾಬಿನಲ್ಲಿ. ಎಲ್ಲ ಚೀಟಿಗಳೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದ. ಒಂದರಲ್ಲೂ ಸೋಂಕಿಲ್ಲ. ಪ್ರತಿ ಚೀಟಿಯೂ ಅವನಿಗೆ ಎರಡು ದಿನದ ಸಮಾಧಾನ ಕೊಡುತ್ತಿತ್ತು, ಮೂರನೆಯ ದಿನ ಚಿಂತೆ ಮರಳುತ್ತಿತ್ತು. ಇದಕ್ಕೆ ರಕ್ತ ಪರೀಕ್ಷೆ ಮದ್ದಲ್ಲ. ಗವಾಕ್ಷಿ ಅವಧಿ ಕಳೆದ ಮೇಲಿನ ನೆಗೆಟಿವ್ ಚೀಟಿ ಕೈಯಲ್ಲಿದ್ದೂ ನಂಬಿಕೆ ಬರದಿದ್ದರೆ ಮಾನಸಿಕ ಆರೋಗ್ಯ ತಜ್ಞರನ್ನು ಕಾಣಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ (ಈಗ ಅದರ ಹೆಸರು ಕೆಎಂಸಿಆರ್‌ಐ) ಮನೋವೈದ್ಯ ವಿಭಾಗವಿದೆ. ಆ ಯುವಕ ಹೋದ. ಆಮೇಲೆ ನಮ್ಮಲ್ಲಿಗೆ ಬರುವುದನ್ನು ನಿಲ್ಲಿಸಿದ, ನನಗೆ ಅದಕ್ಕಿಂತ ದೊಡ್ಡ ಸಂತೋಷವಿರಲಿಲ್ಲ.

ಸೋಂಕು ಇದೆ ಎಂದು ಖಚಿತವಾಗಿ ಎಆರ್‌ಟಿ ಮಾತ್ರೆ ನುಂಗುತ್ತಿರುವವರೂ ಈ ಪರೀಕ್ಷೆಯನ್ನು ಮತ್ತೆ ಮಾಡಿಸಬಾರದು. 'ಗುಣವಾಗಿರಬಹುದೇ ನೋಡೋಣ' ಎಂದು ಬೇರೆ ಲ್ಯಾಬಿಗೆ ಹೋಗುತ್ತಾರೆ. ಮಾತ್ರೆಯ ಪರಿಣಾಮದಿಂದ ಅಪರೂಪಕ್ಕೆ ಅಲ್ಲಿ ನೆಗೆಟಿವ್ ಬಂದುಬಿಟ್ಟರೆ ಮಾತ್ರೆ ಬಿಡುತ್ತಾರೆ, ಕೆಲವೇ ವಾರದಲ್ಲಿ ವೈರಾಣು ಮತ್ತೆ ತಲೆಯೆತ್ತುತ್ತದೆ. ಅವರಿಗೆ ಬೇಕಾದದ್ದು ಎಆರ್‌ಟಿ ಕೇಂದ್ರದಲ್ಲಿ ಮಾಡುವ ವೈರಲ್ ಲೋಡ್ ಪರೀಕ್ಷೆ: ಮಾತ್ರೆ ಶುರುವಾಗಿ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ಇನ್ನೊಂದು ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಪುಕ್ಕಟೆ ಪರೀಕ್ಷೆಯಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ರಕ್ತದಾನ ಶಿಬಿರಕ್ಕೆ ಹೋಗುವವರಿದ್ದಾರೆ. ನೀವು ಗವಾಕ್ಷಿ ಅವಧಿಯಲ್ಲಿದ್ದರೆ ಅಲ್ಲಿನ ಪರೀಕ್ಷೆಗೂ ಸೋಂಕು ತಪ್ಪಿಸಿಕೊಳ್ಳಬಹುದು, ಆ ರಕ್ತ ಇನ್ನೊಬ್ಬರ ಮೈ ಸೇರುತ್ತದೆ.

ಹೋಗುವುದು ಎಲ್ಲಿಗೆ, ಅಲ್ಲಿ ಏನಾಗುತ್ತದೆ

ಹುಬ್ಬಳ್ಳಿಯ ಕಿಮ್ಸ್, ಧಾರವಾಡ, ಗದಗ, ಹಾವೇರಿಯ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳು, ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಇರುತ್ತದೆ. ಪರೀಕ್ಷೆ ಉಚಿತ. ಹತ್ತಿರದ ಕೇಂದ್ರ ತಿಳಿಯದಿದ್ದರೆ 1097 ಸಂಖ್ಯೆಗೆ ಕರೆ ಮಾಡಿ, ಶುಲ್ಕವಿಲ್ಲ. ನಿಮ್ಮ ಊರಿನ ಆಸ್ಪತ್ರೆಗೇ ಹೋಗಬೇಕೆಂಬ ಕಟ್ಟುಪಾಡಿಲ್ಲ. ಪರಿಚಯದವರು ಕಂಡಾರೆಂದು ಧಾರವಾಡದವರು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಬರುತ್ತಾರೆ, ಹುಬ್ಬಳ್ಳಿಯವರು ಗದಗಕ್ಕೆ ಹೋಗುತ್ತಾರೆ. ಹಾಗೆ ಮಾಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪರೀಕ್ಷೆ ಆಗುವುದು ಮುಖ್ಯ.

ಮೊದಲು ಆಪ್ತ ಸಮಾಲೋಚಕರು ಖಾಸಗಿಯಾಗಿ ಮಾತನಾಡುತ್ತಾರೆ, ನಿಮ್ಮ ಒಪ್ಪಿಗೆ ಪಡೆಯುತ್ತಾರೆ, ಆಮೇಲೆ ರಕ್ತ. ಸಾಮಾನ್ಯವಾಗಿ ಅದೇ ದಿನ ಫಲಿತಾಂಶ ಸಿಗುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು, ಕೆಲಸ ಕೊಡಲು ಈ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ಕಾರ್ಖಾನೆಯವರು ವರ್ಷಕ್ಕೊಮ್ಮೆ ಮಾಡಿಸಿ ತನ್ನಿ ಎಂದರೆ, ಆ ಅಂತರ ನಿಮ್ಮ ಆರೋಗ್ಯಕ್ಕಾಗಿ ಗೊತ್ತು ಮಾಡಿದ್ದಲ್ಲ.

ಸಮಾಲೋಚಕರ ಮುಂದೆ ಕೂತಾಗ ಕೊನೆಯ ಅಪಾಯದ ದಿನವನ್ನು ನಿಜವಾಗಿ ಹೇಳಿ. ನಾಚಿಕೆಗೆ ಎರಡು ತಿಂಗಳು ಹಿಂದೆ ತಳ್ಳಿ ಹೇಳಿದರೆ ನಿಮಗೆ ಸಿಗುವ ಮುಂದಿನ ದಿನಾಂಕವೂ ತಪ್ಪಾಗುತ್ತದೆ.

ಮೊದಲ ಕಿಟ್ಟಿನಲ್ಲಿ ಎರಡನೆಯ ಗೆರೆ ಮೂಡಿದ ಮಾತ್ರಕ್ಕೆ ಸೋಂಕು ಎಂದು ಹೇಳುವುದಿಲ್ಲ. ಬೇರೆ ಬೇರೆ ಬಗೆಯ ಮೂರು ಕಿಟ್ಟುಗಳಲ್ಲಿ ನೋಡಿ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಪಾಸಿಟಿವ್. ಖಾಸಗಿಯಲ್ಲಿ ಒಂದೇ ಕಾರ್ಡ್ ಟೆಸ್ಟಿನಲ್ಲಿ ರಿಯಾಕ್ಟಿವ್, ಅಂದರೆ ಎರಡನೆಯ ಗೆರೆ ಮೂಡಿದೆ ಎಂದು ಬರೆದುಕೊಟ್ಟಿದ್ದರೆ ಆ ಚೀಟಿ ಹಿಡಿದು ಐಸಿಟಿಸಿಗೆ ಬನ್ನಿ. ಅದನ್ನೇ ಕೊನೆಯ ತೀರ್ಪೆಂದು ತಿಳಿಯಬೇಡಿ. ಕಿಟ್ಟುಗಳ ಮಾತು ಹೊಂದದಿದ್ದರೆ 2ರಿಂದ 4 ವಾರ ಬಿಟ್ಟು ಮತ್ತೆ ಕರೆಯುತ್ತಾರೆ. ಆ ದಿನ ತಪ್ಪದೆ ಹೋಗಿ. ಖಚಿತವಾಗಿ ಪಾಸಿಟಿವ್ ಬಂದರೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸುತ್ತಾ ಊರೂರು ಅಲೆಯಬೇಡಿ. ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಸಂಖ್ಯೆ ಎಷ್ಟೇ ಇರಲಿ, 2017ರಿಂದ ಎಲ್ಲರಿಗೂ ಕೂಡಲೇ ಚಿಕಿತ್ಸೆ ಶುರು ಮಾಡುತ್ತಾರೆ, ಅದೂ ಉಚಿತ. ಒಬ್ಬರು ನಾಲ್ಕು ಲ್ಯಾಬು ಸುತ್ತಿ, ಅಲ್ಲಿಂದ ನಾಟಿ ಔಷಧದ ಕಡೆ ಹೋಗಿ, ಎಆರ್‌ಟಿ ಕೇಂದ್ರ ತಲುಪುವಷ್ಟರಲ್ಲಿ ಕ್ಷಯ ಹಿಡಿದಿತ್ತು.

ಕೊನೆಗೆ, ದಿನಾಂಕವನ್ನು ಎಲ್ಲಿ ಬರೆದಿಡಬೇಕು

ಚೀಟಿ ಕಳೆಯುತ್ತದೆ, ಅಥವಾ ಮನೆಯವರ ಕೈಗೆ ಸಿಗುತ್ತದೆಂದು ಜನರೇ ಹರಿದು ಹಾಕುತ್ತಾರೆ. ಆದ್ದರಿಂದ ಮೂರೇ ವಿಷಯಗಳನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ: ಪರೀಕ್ಷೆ ಮಾಡಿಸಿದ ದಿನ, ಅದು ಯಾವ ಬಗೆಯ ಪರೀಕ್ಷೆ, ಮುಂದಿನ ದಿನ. ಹೆಸರು ಏನಾದರೂ ಇರಲಿ.

ಬ್ಯಾಡಗಿ ಕಡೆಯ ಒಬ್ಬ ಮೆಣಸಿನಕಾಯಿ ಬೆಳೆಗಾರ ನನ್ನೆದುರೇ ಮೊಬೈಲ್ ತೆಗೆದು, ಕ್ಯಾಲೆಂಡರಿನಲ್ಲಿ 90ನೇ ದಿನವನ್ನು ಒತ್ತಿ, ಹೆಸರಿನ ಜಾಗದಲ್ಲಿ 'ಗೊಬ್ಬರದ ಬಾಕಿ' ಎಂದು ಬರೆದಿದ್ದರು. "ನನ್ನ ಹೆಂಡತಿ ಇದನ್ನು ನೋಡಿದರೂ ಹಣ ಕಟ್ಟಿ ಬನ್ನಿ ಎಂದು ಅವಳೇ ಕಳಿಸುತ್ತಾಳೆ, ಮೇಡಂ" ಎಂದರು. 90ನೇ ದಿನ ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವಾಗ ಅವರು ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು, ಪಕ್ಕದಲ್ಲಿ ಹೆಂಡತಿ. ಕುಬಸದ ಬಳೆಗಳಿನ್ನೂ ಆಕೆಯ ಕೈಯಲ್ಲಿದ್ದವು. "ಇವಳಿಗೆ ಎಲ್ಲ ಹೇಳಿದೆ" ಎಂದರು. ಅಂದು ಇಬ್ಬರ ಹೆಸರನ್ನೂ ನೋಂದಣಿ ಪುಸ್ತಕದಲ್ಲಿ ಬರೆದುಕೊಂಡೆ, ಒಂದರ ಕೆಳಗೆ ಒಂದು.